ಡ್ರ್ಯಾಗನ್ ಊಟಕ್ಕೆ ಏನು ಮಾಡುತ್ತದೆ?

ಫ್ರಾನ್ಸಿನ ಪ್ರಾಣಿವಿಜ್ಞಾನಿ ಜಾರ್ಜ್ ಕ್ಯುವಿಯೆಯ ಬಗ್ಗೆ ಒಂದು ದಂತಕಥೆ ಇದೆ. ತುಂಟ ಶಿಷ್ಯನೊಬ್ಬ ತಲೆಗೆ ಕೊಂಬು, ಕಾಲಿಗೆ ಗೊರಸು ಕಟ್ಟಿಕೊಂಡು ಸೈತಾನನ ವೇಷದಲ್ಲಿ ನಡುರಾತ್ರಿ ಗುರುವಿನ ಕೋಣೆಗೆ ನುಗ್ಗಿ, ನಿನ್ನನ್ನು ತಿನ್ನಲು ಬಂದಿದ್ದೇನೆ ಎಂದು ಅಬ್ಬರಿಸಿದನಂತೆ. ಕ್ಯುವಿಯೆ ಅರೆಗಣ್ಣು ತೆರೆದು ಅಡಿಯಿಂದ ಮುಡಿಯವರೆಗೆ ನೋಡಿ, ಕೊಂಬಿದೆ, ಗೊರಸಿದೆ, ಅಂದಮೇಲೆ ನೀನು ಹುಲ್ಲು ಮೇಯುವ ಪ್ರಾಣಿ, ನನ್ನನ್ನು ಹೇಗೆ ತಿಂದೀಯೆ ಎಂದು ಮಗ್ಗುಲು ಬದಲಿಸಿ ಮಲಗಿಬಿಟ್ಟನಂತೆ. ನಡೆದದ್ದೋ ಕಟ್ಟಿದ್ದೋ, ಕಥೆ ಮಾತ್ರ ಆತನ ವಿಚಾರಕ್ಕೆ ಸರಿಯಾಗಿ ಹೊಂದುತ್ತದೆ. 1769ರಿಂದ 1832ರವರೆಗೆ ಬದುಕಿದ ಕ್ಯುವಿಯೆ ಜೀವನವಿಡೀ ಹೇಳಿದ್ದು ಒಂದೇ ಮಾತು: ಪ್ರಾಣಿಯ ಮೈಯಲ್ಲಿ ಯಾವ ಅಂಗವೂ ಒಂಟಿಯಲ್ಲ. ಹಲ್ಲನ್ನು ನೋಡಿದರೆ ಕರುಳು ಎಂಥದ್ದೆಂದು ಹೇಳಬಹುದು, ಕರುಳು ತಿಳಿದರೆ ಕಾಲು ಎಂಥದ್ದೆಂದು ಊಹಿಸಬಹುದು. ಮಾಂಸ ತಿನ್ನುವ ಹೊಟ್ಟೆಗೆ ಬೇಟೆಯನ್ನು ಹಿಡಿಯುವ ಉಗುರು ಬೇಕು. ಗೊರಸು ಹೊತ್ತು ಬಂದವನು ಹೆದರಿಸಬಹುದು, ತಿನ್ನಲಾರ.

ಇಂದು ಕಲ್ಪಿತ ಲೋಕಗಳಿಗೆ ಬರವಿಲ್ಲ. ಕಾದಂಬರಿ, ಸಿನಿಮಾ, ವೆಬ್ ಸರಣಿ, ವಿಡಿಯೊ ಗೇಮ್ ಎಲ್ಲೆಡೆಯೂ ಹೊಸ ಹೊಸ ಪ್ರಾಣಿಗಳು ಹುಟ್ಟುತ್ತಲೇ ಇವೆ, ಹುಟ್ಟಿದಷ್ಟೇ ಬೇಗ ಮರೆತೂ ಹೋಗುತ್ತಿವೆ. ಹುಲಿಗೊಂದು ಜೊತೆ ರೆಕ್ಕೆ, ಕುದುರೆಗೆ ಚೇಳಿನ ಬಾಲ, ಮೊಸಳೆಗೆ ಆರು ಕಣ್ಣು ಅಂಟಿಸುವುದು ಕಷ್ಟದ ಕೆಲಸವಲ್ಲ. ಅಂಟಿಸಿದ್ದು ಒಂದು ಲೋಕದಲ್ಲಿ ಬಾಳಿ ಬದುಕುತ್ತಿದೆ ಎಂದು ಓದುಗನಿಗೆ ಅನ್ನಿಸುವಂತೆ ಮಾಡುವುದು ಕಷ್ಟ. ಅದಕ್ಕೆ ಕ್ಯುವಿಯೆಯ ಪರೀಕ್ಷೆಯೇ ಸಾಕು ಎಂಬುದು ನನ್ನ ವಾದ. ಕಲ್ಪಿತ ಪ್ರಾಣಿಯನ್ನು ಅದರ ಲೋಕದ ಮಣ್ಣಿಗೆ ಕಟ್ಟಿಹಾಕುವುದು ಹಸಿವು. ಅದು ಏನು ತಿನ್ನುತ್ತದೆ ಎಂದು ಒಮ್ಮೆ ಕೇಳಿದರೆ ಅದರ ಗಾತ್ರ, ಸಂಖ್ಯೆ, ಸ್ವಭಾವ, ಸುತ್ತಲಿನ ಕಾಡು, ಕಾಡಂಚಿನ ಜನ ಎಲ್ಲವೂ ಒಂದರ ಹಿಂದೊಂದು ಎದ್ದು ಬರುತ್ತವೆ. ನಮ್ಮ ಹಳೆಯ ಕಥೆಗಾರರಿಗೆ ಇದು ಗೊತ್ತಿತ್ತು. ಮಹಾಭಾರತದ ಬಕಾಸುರನ ಮುಖ ಹೇಗಿತ್ತೆಂದು ಕೇಳಿದರೆ ಹತ್ತು ಜನ ಹತ್ತು ಬಗೆಯಲ್ಲಿ ಹೇಳಿಯಾರು. ಆದರೆ ಒಂದು ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಹೋದ ಆಳು ಎಂಬ ಅವನ ಊಟದ ಲೆಕ್ಕ ಯಾರೂ ಮರೆಯುವಂಥದ್ದಲ್ಲ. ಏಕಚಕ್ರಪುರದ ಭಯವೆಲ್ಲ ಆ ಲೆಕ್ಕದಲ್ಲೇ ಇದೆ, ನಾಳೆ ಯಾರ ಮನೆಯ ಸರದಿ ಎಂಬ ಪ್ರಶ್ನೆಯಲ್ಲಿ. ಗರುಡನ ಕಥೆಯೂ ಹಾಗೆಯೇ. ಅಮೃತ ತರಲು ಹೊರಟವನು ಮೊದಲು ಕೇಳುವುದು ದಾರಿಯಲ್ಲಿ ತಿನ್ನಲು ಏನಿದೆ ಎಂದು. ಕಾದಾಡುತ್ತಿದ್ದ ಆನೆಯನ್ನೂ ಆಮೆಯನ್ನೂ ತಂದೆ ಕಶ್ಯಪ ತೋರಿಸುತ್ತಾನೆ. ಹಕ್ಕಿಯ ಗಾತ್ರವನ್ನು ಕವಿ ಮೊಳ ಹಾಕಿ ಅಳೆಯುವುದಿಲ್ಲ, ತುತ್ತಿನಿಂದ ಅಳೆಯುತ್ತಾನೆ.

ಕಲ್ಪಿತ ಪ್ರಾಣಿಗಳಲ್ಲೆಲ್ಲ ಹೆಚ್ಚು ಹೆಸರಾದ ಡ್ರ್ಯಾಗನ್ನನ್ನೇ ತೆಗೆದುಕೊಳ್ಳೋಣ. ಮೊದಲ ತೊಡಕು ತೂಕದ್ದು. ಯಾವುದೇ ಪ್ರಾಣಿಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ತೂಕ ಎಂಟರಷ್ಟಾಗುತ್ತದೆ. ಆ ತೂಕ ಹೊರಬೇಕಾದ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣವೂ, ಗಾಳಿಯಲ್ಲಿ ಎತ್ತಿ ಹಿಡಿಯಬೇಕಾದ ರೆಕ್ಕೆಯ ಹರವೂ ನಾಲ್ಕರಷ್ಟೇ ಆಗುತ್ತವೆ. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ದೈತ್ಯನ ಮೂಳೆ ಎಷ್ಟು ವಿಕಾರವಾಗಿ ದಪ್ಪಗಿರಬೇಕಾದೀತೆಂದು ಚಿತ್ರ ಬರೆದೇ ತೋರಿಸಿದ್ದ. ಭೂಮಿಯ ಮೇಲೆ ಹಾರಿದ, ನಮಗೆ ಗೊತ್ತಿರುವ ಅತಿ ದೊಡ್ಡ ಜೀವಿಗಳಲ್ಲಿ ಒಂದು ಕ್ವೆಟ್ಸಲ್‌ಕೋಟ್ಲಸ್. ಡೈನೋಸಾರ್‌ಗಳ ಕೊನೆಯ ಕಾಲದ ಆ ಹಾರುವ ಸರೀಸೃಪದ ಮೂಳೆಗಳು 1971ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಸಿಕ್ಕವು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 10 ಮೀಟರ್. ತೂಕ 200ರಿಂದ 250 ಕಿಲೊ ಎಂದು ಹಲವರ ಅಂದಾಜು. ಅಂದರೆ ಒಂದು ಗಂಡು ಹುಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆನೆಯಷ್ಟು ತೂಗುವ ಡ್ರ್ಯಾಗನ್ ನಮ್ಮ ಭೂಮಿಯಲ್ಲಿ ನೆಲ ಬಿಟ್ಟು ಏಳುವುದಿಲ್ಲ. ಆದರೆ ಇಲ್ಲಿ ಕಥೆಗಾರನಿಗೆ ಒಂದು ರಿಯಾಯಿತಿ ಕೊಡಬಹುದು. ಅವನ ಲೋಕದ ಗಾಳಿ ದಟ್ಟವಾಗಿರಲಿ, ಗುರುತ್ವ ಕಡಿಮೆಯಿರಲಿ, ಮಂತ್ರಬಲವೇ ಇರಲಿ, ಹಾರಿದ್ದಾಯಿತು ಎಂದೇ ಇಟ್ಟುಕೊಳ್ಳೋಣ. ಹಾರಿದ ಮೇಲೂ ಸಂಜೆಗೆ ಹಸಿವಾಗುತ್ತದಲ್ಲ.

ಹಸಿವಿನ ಲೆಕ್ಕಕ್ಕೆ ನಮ್ಮ ನಾಗರಹೊಳೆಯೇ ಪಾಠಶಾಲೆ. ಅಲ್ಲಿ ದಶಕಗಳ ಕಾಲ ಹುಲಿಗಳನ್ನು ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಹಿಂಡು ಕರಗದಂತೆ ವರ್ಷಕ್ಕೆ 50 ಸಿಗಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು. ಹುಲಿ ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವ ಪ್ರಾಣಿ. ಈಗ 200 ಕಿಲೊದ ಹುಲಿಯ ಜಾಗದಲ್ಲಿ 4,000 ಕಿಲೊದ ಬಿಸಿರಕ್ತದ ಡ್ರ್ಯಾಗನ್ ಇಡಿ. ತೂಕ ಇಪ್ಪತ್ತರಷ್ಟಾದರೂ ಊಟ ಇಪ್ಪತ್ತರಷ್ಟಾಗುವುದಿಲ್ಲ. ದೇಹ ದೊಡ್ಡದಾದಂತೆ ಕಿಲೊವೊಂದಕ್ಕೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ ಎಂಬುದನ್ನು ಮ್ಯಾಕ್ಸ್ ಕ್ಲೈಬರ್ 1932ರಲ್ಲೇ ತೋರಿಸಿದ್ದ. ಆತನ ಸೂತ್ರದಂತೆ ಗುಣಿಸಿದರೆ ಒಂಬತ್ತೂವರೆ ಪಟ್ಟು ಬರುತ್ತದೆ. ಅಂದರೆ ವರ್ಷಕ್ಕೆ 470ರಷ್ಟು ಜಿಂಕೆಗಳು, ಅವುಗಳ ಹಿಂದೆ 4,700ರ ಹಿಂಡು. ಇದು ಒಂದು ಡ್ರ್ಯಾಗನ್ನಿನ ಲೆಕ್ಕ. ಹಾರಾಟದ ಖರ್ಚು, ಬೆಂಕಿ ಉಗುಳುವ ಖರ್ಚು ಇದರಲ್ಲಿ ಸೇರಿಲ್ಲ. ಗಂಡು, ಹೆಣ್ಣು, ಎರಡು ಮರಿ ಎಂದು ಸಂಸಾರ ಹೂಡಿದರೆ ಒಂದು ಸೀಮೆಯ ಕಾಡೇ ಅದರ ಅಡುಗೆಮನೆ. ಡ್ರ್ಯಾಗನ್ನುಗಳು ಕಾಗೆಗಳ ಹಾಗೆ ಗುಂಪು ಗುಂಪಾಗಿ ಆಕಾಶ ತುಂಬುವ ಸಿನಿಮಾ ದೃಶ್ಯ ಕಣ್ಣಿಗೆ ಹಬ್ಬ ನಿಜ. ಕೆಳಗಿನ ನೆಲದಲ್ಲಿ ಒಂದು ಕುರಿಯೂ ಕಾಣದಿದ್ದಾಗ ಮಾತ್ರ ಹಬ್ಬ ಬರೀ ಹೊಟ್ಟೆಯದಾಗುತ್ತದೆ.

ಡ್ರ್ಯಾಗನ್ನನ್ನು ತಣ್ಣನೆ ರಕ್ತದ ಪ್ರಾಣಿ ಮಾಡಿದರೆ ಖರ್ಚು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂಡೊನೇಷ್ಯಾದ ಕೊಮೊಡೊ ಉಡ ಒಂದೇ ಊಟದಲ್ಲಿ ತನ್ನ ತೂಕದ ಮುಕ್ಕಾಲಿಗಿಂತ ಹೆಚ್ಚು ನುಂಗಿ ವಾರಗಟ್ಟಲೆ ಬಿದ್ದುಕೊಂಡಿರಬಲ್ಲದು. ಈ ಬೆಳಕಿನಲ್ಲಿ ನೋಡಿದರೆ ಜೆ. ಆರ್. ಆರ್. ಟೋಲ್ಕಿನ್ 1937ರ ‘ದಿ ಹಾಬಿಟ್’ನಲ್ಲಿ ತಂದ ಸ್ಮಾಗ್ ಎಂಬ ಡ್ರ್ಯಾಗನ್ ಎಷ್ಟು ಸರಿಯಾದ ಪ್ರಾಣಿ ಎಂದು ಅಚ್ಚರಿಯಾಗುತ್ತದೆ. ಅದು ಹೊನ್ನಿನ ರಾಶಿಯ ಮೇಲೆ ವರ್ಷಗಟ್ಟಲೆ ಮಲಗಿರುತ್ತದೆ. ಲೋಭದ ಚಿತ್ರ ಎಂದು ನಾವು ಓದುವುದು ಉಡದ ಮಿತವ್ಯಯವೂ ಹೌದು. ಎಚ್ಚೆತ್ತ ಕೂಡಲೇ ಕೈಗೆ ಸಿಕ್ಕ ಗಿಡ್ಡ ಕುದುರೆಗಳನ್ನು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಅದರ ಬೆಟ್ಟದ ಸುತ್ತ ಹರದಾರಿಗಳುದ್ದಕ್ಕೂ ಸುಟ್ಟ ಮೋಟುಮರಗಳ ಬೋಳು ನೆಲ. ಬಡ್ಡಿಯಲ್ಲಿ ಬದುಕಲು ಬಾರದೆ ಅಸಲನ್ನೂ ತಿಂದು ಮುಗಿಸಿದ ಬೇಟೆಗಾರನ ಸೀಮೆ ಹೀಗೇ ಇರಬೇಕು. ಜಾರ್ಜ್ ಆರ್. ಆರ್. ಮಾರ್ಟಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರ 2011ರ ಕಾದಂಬರಿಯಲ್ಲಿ ರಾಣಿಯ ದರ್ಬಾರಿಗೆ ಕುರಿಗಾಹಿಗಳು ಸುಟ್ಟ ಮೂಳೆ ಹಿಡಿದು ಪರಿಹಾರ ಕೇಳಲು ಬರುತ್ತಾರೆ. ಖಜಾನೆಯಿಂದ ಹಣ ಹೋಗುತ್ತದೆ, ಸುಳ್ಳು ಲೆಕ್ಕ ತಂದವರೂ ಇರಬಹುದೆಂಬ ಗುಮಾನಿ ಹುಟ್ಟುತ್ತದೆ. ಕೊನೆಗೆ ಒಬ್ಬ ತಂದೆ ಬರುತ್ತಾನೆ, ಅವನ ಕೈಯಲ್ಲಿರುವುದು ಕುರಿಯ ಮೂಳೆಯಲ್ಲ. ಅರಣ್ಯ ಇಲಾಖೆಯ ಕಚೇರಿಯ ಮುಂದೆ ಚಿರತೆ ಹೊತ್ತೊಯ್ದ ಕರುವಿಗೆ, ಆನೆ ತುಳಿದ ಬಾಳೆತೋಟಕ್ಕೆ ಪರಿಹಾರದ ಅರ್ಜಿ ಹಿಡಿದು ನಿಲ್ಲುವ ಜನ ಇರುವ ನಾಡಿನ ಓದುಗನಿಗೆ ಈ ದೃಶ್ಯ ಹೊಸದೆನಿಸುವುದಿಲ್ಲ. ಡ್ರ್ಯಾಗನ್ ಇದೆ ಎಂದು ಅವನು ನಂಬುವುದು ಬೆಂಕಿಯ ದೃಶ್ಯಗಳಲ್ಲಲ್ಲ, ಈ ಅರ್ಜಿಯ ಸಾಲಿನಲ್ಲಿ.

ಹೊಟ್ಟೆಯಿಂದಲೇ ಇಡೀ ಗ್ರಹವನ್ನು ಕಟ್ಟಿದವನು ಫ್ರಾಂಕ್ ಹರ್ಬರ್ಟ್. 1957ರಲ್ಲಿ ಆತ ಪತ್ರಕರ್ತನಾಗಿ ಅಮೆರಿಕದ ಆರೆಗನ್ ಕರಾವಳಿಗೆ ಹೋದದ್ದು, ಸರಿದು ಬಂದು ರಸ್ತೆ ನುಂಗುತ್ತಿದ್ದ ಮರಳದಿಣ್ಣೆಗಳನ್ನು ಹುಲ್ಲು ನೆಟ್ಟು ತಡೆಯುವ ಸರ್ಕಾರಿ ಕೆಲಸದ ಬಗ್ಗೆ ಬರೆಯಲು. ಆ ಲೇಖನ ಮುಗಿಯಲಿಲ್ಲ. 1965ರಲ್ಲಿ ಬಂದದ್ದು ‘ಡ್ಯೂನ್’ ಕಾದಂಬರಿ. ಅದರ ಮರಳುಗಾಡಿನಲ್ಲಿ ನೂರಾರು ಮೀಟರ್ ಉದ್ದದ ಹುಳುಗಳಿವೆ. ಇಷ್ಟು ದೊಡ್ಡ ದೇಹ ಬೇಟೆಯಾಡಿ ಬದುಕಲಾರದು ಎಂಬುದು ಹರ್ಬರ್ಟ್‌ಗೆ ಗೊತ್ತಿತ್ತು. ಆದ್ದರಿಂದ ಆತ ಸಮುದ್ರದಿಂದ ಸಾಲ ತಂದ. ಭೂಮಿಯ ಅತಿ ದೊಡ್ಡ ಪ್ರಾಣಿ, ಸುಮಾರು 30 ಮೀಟರ್ ಉದ್ದ ಬೆಳೆಯುವ ನೀಲಿ ತಿಮಿಂಗಿಲ, ಬೆರಳುದ್ದದ ಸಿಗಡಿಯಂಥ ಜೀವಿಗಳನ್ನು ಸೋಸಿ ತಿನ್ನುತ್ತದೆ. ಹಾಗೆಯೇ ಮರಳುಹುಳು ಮರಳಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಆ ಸೂಕ್ಷ್ಮಜೀವಿಗಳೇ ಬೆಳೆದು ಹುಳುವಿನ ಮರಿಗಳಾಗುತ್ತವೆ. ಮರಿಗಳು ಸಿಕ್ಕ ನೀರನ್ನೆಲ್ಲ ಸುತ್ತುವರಿದು ಮುಚ್ಚಿಡುತ್ತವೆ, ಏಕೆಂದರೆ ಬೆಳೆದ ಹುಳುವಿಗೆ ನೀರು ವಿಷ. ಮರಳುಗಾಡಿನಲ್ಲಿ ಹುಳುಗಳು ಹುಟ್ಟಿದ್ದಲ್ಲ, ಹುಳುಗಳೇ ಮರಳುಗಾಡನ್ನು ಮಾಡಿಕೊಂಡವು. ನಕ್ಷತ್ರಲೋಕದ ವ್ಯಾಪಾರವೆಲ್ಲ ನಿಂತಿರುವ ಮಸಾಲೆದ್ರವ್ಯ ಹುಟ್ಟುವುದೂ ಈ ಮರಿಗಳ ಬದುಕಿನ ಮಧ್ಯದಲ್ಲೇ. ಅಲ್ಲಿನ ಬಡಜನ ನೀರು ಹರಿಸಿ ಹಸಿರು ತಂದುಕೊಂಡರೆ ಹುಳು ಸಾಯುತ್ತದೆ, ಹುಳು ಸತ್ತರೆ ಸಾಮ್ರಾಜ್ಯ ಕುಸಿಯುತ್ತದೆ. ಒಂದು ಪ್ರಾಣಿಯ ಆಹಾರದಿಂದ ರಾಜಕೀಯದವರೆಗೆ ಇಷ್ಟು ನೇರವಾದ ದಾರಿ ಬೇರೆ ಯಾವ ಕಲ್ಪಿತ ಲೋಕದಲ್ಲೂ ನನಗೆ ಕಂಡಿಲ್ಲ. ದಾರಿಯಲ್ಲಿ ಒಂದು ಗುಂಡಿ ಇದೆ ನಿಜ. ಸೂಕ್ಷ್ಮಜೀವಿ ತಿನ್ನುವುದು ಮಸಾಲೆಯ ಅಂಶವನ್ನು, ಮಸಾಲೆ ಬರುವುದು ಅದೇ ಸಂತಾನದಿಂದ. ತನ್ನ ಬಾಲವನ್ನೇ ನುಂಗುವ ಹಾವಿನಂತೆ ಈ ಸರಪಳಿ ಸುತ್ತುತ್ತದೆ, ಸೂರ್ಯನ ಶಕ್ತಿ ಒಳಗೆ ಬರುವ ಬಾಗಿಲು ಕಾಣುವುದಿಲ್ಲ. ಆದರೆ ಓದುಗ ಈ ತಪ್ಪು ಹಿಡಿಯುವಷ್ಟು ದೂರ ಆ ಲೋಕದೊಳಗೆ ನಡೆದು ಬಂದಿದ್ದಾನೆ ಎಂಬುದೇ ಹರ್ಬರ್ಟ್‌ನ ಗೆಲುವು.

ಇಂಥದೊಂದು ಸರಪಳಿಯನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಕೆತ್ತನೆಯಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ, ಶರಭವನ್ನು ಎರಡು ತಲೆಯ ಗಂಡಭೇರುಂಡ. ಮೊದಲ ನಾಲ್ಕು ಕಣ್ಣಾರೆ ಕಂಡ ಪ್ರಾಣಿಗಳು, ಕೊನೆಯ ಎರಡು ಕಲ್ಪನೆಯವು. ಗಂಡಭೇರುಂಡವನ್ನು ಬರಿದೆ ಒಂದು ಕಂಬದ ಮೇಲೆ ನಿಲ್ಲಿಸಿದ ಉದಾಹರಣೆಯೂ ಇದೆ, 1047ರ ಬಳ್ಳಿಗಾವೆಯ ಸ್ತಂಭ. ಅದು ಭವ್ಯ. ಆದರೆ ಬೇಲೂರಿನ ಶಿಲ್ಪಿ ಮಾಡಿದ್ದು ಬೇರೆಯೇ ಕೆಲಸ. ನಮಗೆ ಗೊತ್ತಿರುವ ಜಿಂಕೆಯಿಂದ ಹಿಡಿದು ಒಂದೊಂದೇ ಕೊಂಡಿ ದಾಟಿಸುತ್ತಾ, ನೋಡುವವನಿಗೆ ಅರಿವಾಗುವ ಮೊದಲೇ ಅವನನ್ನು ಇಲ್ಲದ ಪ್ರಾಣಿಯ ಎದುರಿಗೆ ತಂದು ನಿಲ್ಲಿಸಿದ್ದಾನೆ. ಹುಳುಕು ಹುಡುಕುವವನು ಆನೆಯ ಕೊಂಡಿಯನ್ನು ಹಿಡಿಯಬಹುದು: ಆನೆ ಹೆಬ್ಬಾವನ್ನು ತಿನ್ನುವುದಿಲ್ಲ, ಅದು ಸೊಪ್ಪು ತಿನ್ನುವ ಪ್ರಾಣಿ. ಹೌದು, ಇದು ಅರ್ಧ ಆಹಾರದ ಸರಪಳಿ, ಅರ್ಧ ಬಲದ ಸರಪಳಿ. ಇಷ್ಟಾದರೂ ಪರಿಸರವಿಜ್ಞಾನ ಬಹಳ ತಡವಾಗಿ ಕಂಡ ಒಂದು ಸಂಗತಿ ಅಲ್ಲಿ ಅಡಗಿದೆ. ಒಂದು ಮೆಟ್ಟಿಲಿಂದ ಮೇಲಿನ ಮೆಟ್ಟಿಲಿಗೆ ದಾಟುವ ಶಕ್ತಿ ಸ್ಥೂಲವಾಗಿ ಹತ್ತರಲ್ಲೊಂದು ಪಾಲು. ರೇಮಂಡ್ ಲಿಂಡೆಮನ್ 1942ರ ಪ್ರಬಂಧದಲ್ಲಿ ಇದಕ್ಕೆ ಅಡಿಪಾಯ ಹಾಕಿದ. ಮೆಟ್ಟಿಲು ಏರಿದಂತೆ ಪ್ರಾಣಿಗಳ ಸಂಖ್ಯೆ ಕರಗುತ್ತಾ ಹೋಗುತ್ತದೆ. ಬೇಲೂರಿನ ಮೆಟ್ಟಿಲುಗಳನ್ನು ಹತ್ತಿದರೆ ತುತ್ತತುದಿಯಲ್ಲಿ ಒಂದಕ್ಕಿಂತ ಹೆಚ್ಚು ಗಂಡಭೇರುಂಡಕ್ಕೆ ಜಾಗವಿಲ್ಲ. ಅದರ ಹಿಂಡನ್ನು ಯಾವ ಶಿಲ್ಪಿಯೂ ಕೆತ್ತಿದ್ದು ನಾನು ಕಂಡಿಲ್ಲ.

ಇಲ್ಲಿ ಒಂದು ತಕರಾರು ಏಳುತ್ತದೆ, ಅದು ನ್ಯಾಯವಾದದ್ದೇ. ಗಂಡಭೇರುಂಡ ಮೈಸೂರು ಅರಸರ ಲಾಂಛನ, ಇಂದಿಗೂ ನಮ್ಮ ರಾಜ್ಯದ ಲಾಂಛನದ ನಡುವೆ ಇದೆ. ಅದು ಏನು ತಿನ್ನುತ್ತದೆ ಎಂದು ಕೇಳುವುದು ಮೂರ್ಖತನವಲ್ಲವೇ? ಮಕರತೋರಣದ ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನ ಗರಿ, ಅದರ ಜೀರ್ಣಾಂಗದ ಚಿಂತೆ ಯಾರಿಗೆ? ನಿಜ. ಚಿಹ್ನೆಗೆ ಹೊಟ್ಟೆ ಬೇಕಿಲ್ಲ. ಚಿಹ್ನೆಯಾಗಿ ನಿಲ್ಲುವ ಪ್ರಾಣಿ ಬೇರೆ, ಒಂದು ಲೋಕದ ನಿವಾಸಿಯಾಗಿ ನಡೆದಾಡುವ ಪ್ರಾಣಿ ಬೇರೆ. ಮೊದಲನೆಯದಕ್ಕೆ ಅರ್ಥ ಸಾಕು, ಎರಡನೆಯದಕ್ಕೆ ಅನ್ನ ಬೇಕು. ಇಂದಿನ ಬಹುಪಾಲು ಕಲ್ಪಿತ ಪ್ರಾಣಿಗಳ ಪಾಡು ಏನೆಂದರೆ, ಚಿಹ್ನೆಯಾಗುವಷ್ಟು ಅರ್ಥವೂ ಅವುಗಳಿಗಿಲ್ಲ, ನಿವಾಸಿಯಾಗುವಷ್ಟು ಅನ್ನವೂ ಇಲ್ಲ. ನಾಯಕನ ಶೌರ್ಯ ತೋರಿಸಲು ಗುಹೆಯಿಂದ ಹೊರಬಂದು, ಕತ್ತಿಗೆ ಸಿಕ್ಕಿ, ಮರಳಿ ಕತ್ತಲೆಗೆ ಬೀಳುವುದಷ್ಟೇ ಅವುಗಳ ಕಸುಬು. ನಾಯಕ ಬಾರದ ದಿನ ಆ ಗುಹೆಯಲ್ಲಿ ಅವು ಏನು ಮಾಡುತ್ತಿದ್ದವು ಎಂಬುದು ಬರೆದವನಿಗೂ ಗೊತ್ತಿರುವುದಿಲ್ಲ.

ಎರಡನೆಯ ತಕರಾರು ಸ್ವಲ್ಪ ಭಾವುಕವಾದದ್ದು. ಎಲ್ಲವನ್ನೂ ತೂಗಿ ಅಳೆದರೆ ಬೆರಗು ಉಳಿಯುವುದೆಲ್ಲಿ, ಮಗುವಿನ ಕಣ್ಣಿಗೆ ಲೆಕ್ಕದ ಪುಸ್ತಕ ಹಿಡಿಯಬೇಕೆ ಎಂದು. ಇದಕ್ಕೆ ಉತ್ತರವಾಗಿ ಜರ್ಮನಿಯ ಪ್ರಾಣಿವಿಜ್ಞಾನಿ ಗೆರೋಲ್ಫ್ ಸ್ಟೈನರ್‌ನನ್ನು ಕರೆಯುತ್ತೇನೆ. ಹರಾಲ್ಡ್ ಸ್ಟ್ಯೂಂಪ್ಕೆ ಎಂಬ ಹುಸಿ ಹೆಸರಿನಲ್ಲಿ ಆತ ಒಂದು ಗಂಭೀರ ಶಾಸ್ತ್ರಗ್ರಂಥ ಬರೆದ. ವಿಷಯ, ಪೆಸಿಫಿಕ್ ಸಾಗರದ ದ್ವೀಪಸ್ತೋಮವೊಂದರಲ್ಲಿದ್ದ ಮೂಗುನಡಿಗೆಯ ಸಸ್ತನಿಗಳು. ಅಂಥ ದ್ವೀಪವೂ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ. ಕವಿ ಕ್ರಿಶ್ಚಿಯನ್ ಮೊರ್ಗೆನ್‌ಸ್ಟರ್ನ್‌ನ ಒಂದು ತಮಾಷೆ ಪದ್ಯದಲ್ಲಿ ಬಂದ, ಮೂಗುಗಳ ಮೇಲೆ ನಡೆಯುವ ಪ್ರಾಣಿಯನ್ನು ಹಿಡಿದುಕೊಂಡು ಸ್ಟೈನರ್ ಒಂದು ಇಡೀ ಗಣವನ್ನೇ ಬೆಳೆಸಿದ್ದ. ಒಂದು ಜಾತಿ ಬಾಲದ ಮೇಲೆ ನಿಂತು ಮೂಗನ್ನು ಹೂವಿನಂತೆ ಅರಳಿಸಿ, ಮಕರಂದಕ್ಕೆ ಬಂದ ಕೀಟಗಳನ್ನು ಹಿಡಿಯುತ್ತದೆ. ಇನ್ನೊಂದು ನೀರಂಚಿನ ಗಿಡಕ್ಕೆ ಅಂಟಿಕೊಂಡು ಮೂಗಿನಿಂದ ಅಂಟುದಾರಗಳನ್ನು ನೀರಿಗೆ ಇಳಿಬಿಟ್ಟು, ಸಿಕ್ಕಿಬಿದ್ದ ಸೂಕ್ಷ್ಮಜೀವಿಗಳನ್ನು ಮರಳಿ ಸೇದಿ ತಿನ್ನುತ್ತದೆ. ಮಗುವಿಗೆ ಇದನ್ನು ಹೇಳಿ ನೋಡಿ, ಯಾವ ಡ್ರ್ಯಾಗನ್ನೂ ತರದ ನಗು ಬರುತ್ತದೆ, ಜೊತೆಗೆ ಮೂಗು ಒರೆಸಿಕೊಳ್ಳುವ ನೆನಪೂ. ಫ್ರೆಂಚ್ ಅನುವಾದಕ್ಕೆ ಪಿಯೆರ್-ಪೋಲ್ ಗ್ರಾಸೆಯಂಥ ದೊಡ್ಡ ಪ್ರಾಣಿವಿಜ್ಞಾನಿ ಗಂಭೀರ ಮುಖ ಮಾಡಿಕೊಂಡು ಮುನ್ನುಡಿ ಬರೆದ. ಸ್ಕಾಟ್ಲೆಂಡಿನ ಡೂಗಲ್ ಡಿಕ್ಸನ್ 1981ರಲ್ಲಿ ಮನುಷ್ಯ ಅಳಿದು 5 ಕೋಟಿ ವರ್ಷಗಳಾದ ಮೇಲಿನ ಭೂಮಿಯನ್ನು ಚಿತ್ರಿಸಿದ್ದೂ ಇದೇ ದಾರಿಯಲ್ಲಿ. ಜಿಂಕೆಗಳು ಹೋದ ಹುಲ್ಲುಗಾವಲಿಗೆ ಮೊಲದ ಸಂತತಿ ಉದ್ದ ಕಾಲು ಬೆಳೆಸಿಕೊಂಡು ಬರುತ್ತದೆ, ತೋಳಗಳು ಬಿಟ್ಟ ಜಾಗಕ್ಕೆ ಇಲಿಯ ಸಂತತಿ. ಖಾಲಿಯಾದ ಊಟದ ಎಲೆಯ ಮುಂದೆ ಬೇರೆ ಯಾರೋ ಬಂದು ಕೂರುತ್ತಾರೆ ಎಂಬ ಒಂದೇ ನಿಯಮದಿಂದ ಆ ಪುಸ್ತಕದ ವಿಚಿತ್ರಗಳೆಲ್ಲ ಹುಟ್ಟಿವೆ. ಹಯಾವೊ ಮಿಯಾಝಾಕಿಯ 1988ರ ಸಿನಿಮಾದಲ್ಲಿ ಬರುವ, ಲೆಕ್ಕಕ್ಕೆ ಸಿಗದ ಕಾಡಿನ ಜೀವ ಟೊಟೊರೊ ಕೂಡ ಓಕ್ ಮರದ ಬೀಜಗಳನ್ನು ಕೂಡಿಡುವ ಸಂಸಾರಿ. ಪುಟ್ಟ ಹುಡುಗಿ ಅದರ ಮನೆ ಮುಟ್ಟುವುದೇ ಉದುರಿಬಿದ್ದ ಬೀಜಗಳ ಜಾಡು ಹಿಡಿದು.

ನೋಡುವವರು ಯಾರೂ ಇದನ್ನೆಲ್ಲ ಕೇಳುವುದಿಲ್ಲ, ‘ಅವತಾರ್’ ಸಿನಿಮಾಕ್ಕೆ ಜನ ಮುಗಿಬಿದ್ದದ್ದು ಆಹಾರ ಸರಪಳಿ ನೋಡಲಲ್ಲ ಎನ್ನುವವರಿದ್ದಾರೆ. 2009ರ ಆ ಸಿನಿಮಾದ ಪಂಡೋರಾ ಉಪಗ್ರಹವನ್ನು ಕಟ್ಟಿದವರು ಮಾತ್ರ ಹಾಗೆ ಅಂದುಕೊಂಡಿರಲಿಲ್ಲ. ಗಿಡಮರಗಳಿಗೆ ಸಸ್ಯವಿಜ್ಞಾನಿಯೊಬ್ಬರ ಸಲಹೆ ಪಡೆದರು, ದೊಡ್ಡ ಪ್ರಾಣಿಗಳಿಗೆಲ್ಲ ಆರು ಅವಯವಗಳ ಒಂದೇ ವಂಶದ ಗುರುತು ಇಟ್ಟರು. ನೀಲಿ ಮೈಯ ನಾವಿ ಜನಕ್ಕೆ ಬಂದಾಗ ಮಾತ್ರ ಲೆಕ್ಕ ತಪ್ಪಿತು, ನಮ್ಮಂತೆ ಎರಡು ಕೈ, ಎರಡು ಕಾಲು, ಎರಡೇ ಕಣ್ಣು. ಪ್ರೇಕ್ಷಕ ಅವರನ್ನು ಪ್ರೀತಿಸಬೇಕಿತ್ತಲ್ಲ. ಆ ಬಿರುಕನ್ನು ಮುಚ್ಚಲು ಮೇಲಿನ ತೋಳುಗಳು ಅರ್ಧ ಬೆಸೆದುಕೊಂಡ ಒಂದು ಮರಕೋತಿಯನ್ನು ಕೆಲವು ಕ್ಷಣ ತೋರಿಸಿ, ವಿಕಾಸದ ದಾರಿ ಇದೇ ಎಂದು ಸೂಚಿಸಿದರು. ಯಾರೂ ಕೇಳುವುದಿಲ್ಲ ಎಂದಾದರೆ ಆ ಮರಕೋತಿಯ ಅಗತ್ಯವೇನಿತ್ತು? ಓದುಗನಾಗಲಿ ಪ್ರೇಕ್ಷಕನಾಗಲಿ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದಿರಬಹುದು. ಉತ್ತರ ಸಿದ್ಧವಿಲ್ಲದ ಲೋಕದಲ್ಲಿ ಅವನ ಕಾಲಿಗೆ ನೆಲ ಸಿಗುವುದಿಲ್ಲ, ಅಷ್ಟು ಸಾಕು.

ಆರು ಅವಯವಗಳ ಮಾತು ಬಂದದ್ದರಿಂದ ಇನ್ನೊಂದು ಪ್ರಾಣಿಯನ್ನು ಹೇಳದೆ ಮುಗಿಸುವಂತಿಲ್ಲ. ನಾಲ್ಕು ಕಾಲಿನ ಮೇಲೆ ಮತ್ತೆರಡು ರೆಕ್ಕೆಯ ಡ್ರ್ಯಾಗನ್ ಅಸಾಧ್ಯ, ಬೆನ್ನೆಲುಬಿರುವ ಯಾವ ಪ್ರಾಣಿಗೂ ಆರು ಅವಯವಗಳಿಲ್ಲ ಎಂಬುದು ಹಳೆಯ ಆಕ್ಷೇಪ. ಬಾವಲಿಯಲ್ಲೂ ಹಕ್ಕಿಯಲ್ಲೂ ಮುಂಗೈಗಳೇ ರೆಕ್ಕೆಗಳಾಗಿವೆ. ಪ್ರಕೃತಿ ಈ ಆಕ್ಷೇಪವನ್ನು ಮುರಿಯದೆಯೇ ಪಕ್ಕಕ್ಕೆ ಸರಿದು ಒಂದು ಉಪಾಯ ಕಂಡುಕೊಂಡಿದೆ. ನಾಲ್ಕೂ ಕಾಲುಗಳನ್ನು ಉಳಿಸಿಕೊಂಡು, ಪಕ್ಕೆಲುಬುಗಳನ್ನೇ ಹೊರಕ್ಕೆ ಚಾಚಿ, ಅವುಗಳ ನಡುವೆ ಚರ್ಮ ಬಿಗಿದು ರೆಕ್ಕೆ ಮಾಡಿದೆ. ಲಿನೇಯಸ್ 1758ರಲ್ಲಿ ಈ ಕುಲಕ್ಕೆ ಇಟ್ಟ ಹೆಸರು ಡ್ರೇಕೊ, ಲ್ಯಾಟಿನ್ನಿನಲ್ಲಿ ಡ್ರ್ಯಾಗನ್ ಎಂದೇ ಅರ್ಥ. ಅದರ ಒಂದು ಪ್ರಭೇದ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಇದೆ, ಹಾರುವ ಓತಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರು ಅದರ ಬೆನ್ನು ಹತ್ತಿ ಕಾಡು ಸುತ್ತಿದವರೇ. ಇಷ್ಟು ದೊಡ್ಡ ಹೆಸರಿನ ಈ ಡ್ರ್ಯಾಗನ್ ಕೈಯಲ್ಲಿ ಹಿಡಿದರೆ, ಬಾಲ ಬಿಟ್ಟು, ಅಂಗೈ ತುಂಬುವಷ್ಟೂ ಇಲ್ಲ. ಮರದ ಬೊಡ್ಡೆಗೆ ಅದರದೇ ಬಣ್ಣದಲ್ಲಿ ಅಂಟಿ ಕೂತು, ಸಾಲು ಹಿಡಿದು ಬರುವ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತದೆ. ಆ ಮರದ ಸಾಲು ಮುಗಿದರೆ ರೆಕ್ಕೆ ಬಿಚ್ಚಿ ಮುಂದಿನ ಅಡಿಕೆ ಮರಕ್ಕೆ ಜಾರುತ್ತದೆ.